ಖಾಜನ್ ಗದ್ದೆಯಲ್ಲಿ ಜಲಕೃಷಿಯ ಪಾಠ

ಹತ್ತನೇ ತರಗತಿಯ ಅರ್ಥಶಾಸ್ತ್ರದಲ್ಲಿ ಬೇಸಾಯ, ಹೈನುಗಾರಿಕೆ, ಮೀನುಗಾರಿಕೆಗಳನ್ನು ಪ್ರಾಥಮಿಕ ವಲಯ ಎಂದು ಕಲಿಸುತ್ತೇವೆ. ಅದೇ ಮಕ್ಕಳು ಎರಡು ವರ್ಷ ಕಳೆದು ವಿಜ್ಞಾನ ವಿಭಾಗಕ್ಕೆ ಹೋದಾಗ, ಹಸಿರು ಜೀವಿಗಳು ಬಿಸಿಲನ್ನು ಹಿಡಿದು ಕಟ್ಟುವ ಆಹಾರಕ್ಕೆ ಪ್ರಾಥಮಿಕ ಉತ್ಪಾದನೆ ಎಂಬ ಹೆಸರಿದೆ ಎಂದು ಜೀವಶಾಸ್ತ್ರದ ಪಾಠ ಹೇಳುತ್ತದೆ. ಒಂದು ಮಾತು ದುಡಿಮೆ, ಉದ್ಯೋಗ, ವರಮಾನಗಳ ಕಡೆಗೆ ಹೋಗುತ್ತದೆ. ಇನ್ನೊಂದು ಎಲೆ, ಪಾಚಿ, ಕಡಲಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳಾದ ಪ್ಲವಕಗಳ ಕಡೆಗೆ ಹೋಗುತ್ತದೆ. ಮೊದಲನೆಯದು ಎರಡನೆಯದರ ಮೇಲೆಯೇ ನಿಂತಿದೆ ಎಂಬುದನ್ನು ಮಾತ್ರ ಯಾವ ಪೀರಿಯಡ್‌ನಲ್ಲಿಯೂ ಯಾರೂ ಹೇಳುವುದಿಲ್ಲ. ಜಲಕೃಷಿಯನ್ನು, ಅಂದರೆ ಮೀನು, ಸೀಗಡಿಗಳ ಸಾಕಣೆಯನ್ನು, ಶಾಲೆಯಲ್ಲಿ ಕಲಿಸುವ ಮಾತು ಈಗ ದೇಶದಲ್ಲೆಲ್ಲ ಕೇಳಿಬರುತ್ತಿರುವಾಗ, ಈ ಕೊರತೆಯ ಬಗ್ಗೆ ಗೋವಾದಲ್ಲಿ ನೆಲೆಸಿದ ಕನ್ನಡಿಗರು, ಅದರಲ್ಲಿಯೂ ಶಿಕ್ಷಕರು, ಸ್ವಲ್ಪ ನಿಧಾನವಾಗಿ ಯೋಚಿಸಬೇಕು ಎಂದು ನನಗೆ ಅನಿಸುತ್ತದೆ. ನಾನು ವಾಸ್ಕೋ ಭಾಗದಲ್ಲಿ ಅನೇಕ ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವವನು. ಇಲ್ಲಿ ಬರೆಯುವುದರಲ್ಲಿ ಬಹುಪಾಲು ತರಗತಿಯಲ್ಲಿಯೂ ನದಿಯ ದಂಡೆಯಲ್ಲಿಯೂ ಕಂಡದ್ದು.

ವರ್ಷಾನುಗಟ್ಟಲೆ ಬಳಕೆಯಲ್ಲಿದ್ದ ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಆಹಾರ ಸಂಪನ್ಮೂಲಗಳ ಸುಧಾರಣೆ ಎಂಬ ಅಧ್ಯಾಯವಿದೆ. ಮೀನಿಗೆ ಅಲ್ಲಿ ಸಿಗುವುದು ಒಂದೆರಡು ಪುಟ. ಕಾಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ, ಆದ್ದರಿಂದ ಒಂದೇ ಕೆರೆಯಲ್ಲಿ ಇವನ್ನು ಕೂಡಿಸಿ ಸಾಕಬಹುದು ಎಂಬ ಒಳ್ಳೆಯ ವಿವರಣೆ ಅದರಲ್ಲಿದೆ. ಕಡಲ ನೀರಿನಲ್ಲಿ ಸಾಕುವ ಮೀನುಗಳ ಪಟ್ಟಿಯಲ್ಲಿ ಭೆಟ್ಕಿ ಎಂಬ ಹೆಸರೂ ಬರುತ್ತದೆ. ಅದು ಬಂಗಾಳದ ಹೆಸರು. ಆ ಮೀನನ್ನು ಗೋವಾದಲ್ಲಿ ಚೊಣಕ್ ಎನ್ನುತ್ತಾರೆ; ಪಣಜಿಯ, ವಾಸ್ಕೋದ ಮೀನು ಮಾರುಕಟ್ಟೆಯಲ್ಲಿ ಅದು ದುಬಾರಿ ಮೀನುಗಳಲ್ಲೊಂದು. ಒಂದು ವರ್ಷ ಪರೀಕ್ಷೆಗೆ ಭೆಟ್ಕಿ ಎಂದು ಬಾಯಿಪಾಠ ಮಾಡುತ್ತಿದ್ದ ಒಬ್ಬ ಹುಡುಗನ ತಂದೆ ಮೀನು ಇಳಿಸುವ ಜೆಟ್ಟಿಯಲ್ಲಿ ಹಮಾಲಿ ಮಾಡುತ್ತಿದ್ದರು. ತಂದೆ ದಿನವೂ ತಲೆಯ ಮೇಲೆ ಹೊರುವ ಮೀನು ಅದೇ ಎಂದು ಮಗನಿಗೆ ಗೊತ್ತಿರಲಿಲ್ಲ. ಹೆಸರು ತಿಳಿಸಿದ ಮೇಲೆ ಅವನು ಆ ಪುಟವನ್ನು ಮತ್ತೊಮ್ಮೆ ಓದಿದ, ಈ ಸಲ ತಾನಾಗಿಯೇ.

ಹನ್ನೆರಡನೇ ತರಗತಿಯಲ್ಲಿ ಪರಿಸ್ಥಿತಿ ಇನ್ನೂ ತೆಳುವಾಗಿದೆ. ಮೀನು ಸಾಕಣೆಯನ್ನೂ ನೀಲಿ ಕ್ರಾಂತಿಯನ್ನೂ ಪ್ರಸ್ತಾಪಿಸುತ್ತಿದ್ದ ಆಹಾರ ಉತ್ಪಾದನೆಯ ಅಧ್ಯಾಯ, ಪಠ್ಯದ ಹೊರೆ ಇಳಿಸುವ ಪರಿಷ್ಕರಣೆಯಲ್ಲಿ ಪೂರ್ತಿ ಹೋಯಿತು. ಪರಿಸರ ವ್ಯವಸ್ಥೆಯ ಅಧ್ಯಾಯ ಉಳಿಯಿತು. ಭೂಮಿಯ ಮೇಲೆ ವರ್ಷಕ್ಕೆ ಸುಮಾರು 17,000 ಕೋಟಿ ಟನ್ ಒಣತೂಕದ ನಿವ್ವಳ ಪ್ರಾಥಮಿಕ ಉತ್ಪಾದನೆ ನಡೆಯುತ್ತದೆ, ಮೇಲ್ಮೈಯ ಶೇ. 70ರಷ್ಟನ್ನು ಆವರಿಸಿರುವ ಸಾಗರಗಳ ಪಾಲು ಅದರಲ್ಲಿ 5,500 ಕೋಟಿ ಟನ್ ಮಾತ್ರ ಎಂಬ ಅಂಕಿ ಆ ಅಧ್ಯಾಯದ್ದು. ಕಡಲು ಅಷ್ಟು ದೊಡ್ಡದಿದ್ದೂ ಇಷ್ಟು ಕಡಿಮೆ ಏಕೆ, ಮತ್ತು ನದಿ ಕಡಲನ್ನು ಸೇರುವ ಅಳಿವೆಗಳಲ್ಲಿ ಮಾತ್ರ ಇಷ್ಟು ಹೆಚ್ಚು ಮೀನು ಏಕೆ ಎಂಬ ಪ್ರಶ್ನೆ ಅಲ್ಲಿಂದ ಸಹಜವಾಗಿ ಏಳಬೇಕು. ಏಳುವುದಿಲ್ಲ, ಏಕೆಂದರೆ ಮೀನಿನ ಪಾಠವನ್ನು ಬೇರೆ ತರಗತಿಯಲ್ಲಿ ಬಿಟ್ಟು ಬಂದಿದ್ದೇವೆ.

ಇದು ಕೇವಲ ಪಠ್ಯಕ್ರಮದ ತಕರಾರು ಎಂದು ಭಾವಿಸಬಾರದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ ಮೊದಲ ಬಾರಿಗೆ ಜಗತ್ತಿನಲ್ಲಿ ಸಾಕಿ ತೆಗೆದ ಜಲಪ್ರಾಣಿಗಳ ಪ್ರಮಾಣ, ಹಿಡಿದು ತಂದವುಗಳ ಪ್ರಮಾಣವನ್ನು ದಾಟಿತು: ಒಟ್ಟು ಸುಮಾರು 18.5 ಕೋಟಿ ಟನ್‌ನಲ್ಲಿ 9.44 ಕೋಟಿ ಟನ್ ಸಾಕಣೆಯದು. ಭಾರತದಲ್ಲಿ 2022-23ರ ಮೀನು ಉತ್ಪಾದನೆ ಸುಮಾರು 175 ಲಕ್ಷ ಟನ್. ಅದರ ಮುಕ್ಕಾಲು ಭಾಗದಷ್ಟು ಬಂದದ್ದು ಕಡಲಿನಿಂದಲ್ಲ, ಒಳನಾಡಿನ ಕೆರೆ, ಹೊಂಡ, ಹಿನ್ನೀರುಗಳಿಂದ. ಇಂದು ಶಾಲೆಯಲ್ಲಿರುವ ಮಗು ಮುಂದೆ ತಿನ್ನುವ ಮೀನು ಬಹುಮಟ್ಟಿಗೆ ಯಾರೋ ಸಾಕಿದ ಮೀನಾಗಿರುತ್ತದೆ. ಅದನ್ನು ಎಲ್ಲಿ, ಯಾವ ನೀರಿನಲ್ಲಿ, ಏನನ್ನು ತಿನ್ನಿಸಿ ಸಾಕಿದರು ಎಂದು ಕೇಳುವಷ್ಟು ತಿಳಿವಳಿಕೆ ಆ ಮಗುವಿಗೆ ಇರಬೇಕು.

ಹಾಗೆ ಕೇಳಲು ಕಲಿಸುವುದಕ್ಕೆ ಗೋವಾದಷ್ಟು ಅನುಕೂಲದ ಜಾಗ ನಮ್ಮ ಪಶ್ಚಿಮ ಕರಾವಳಿಯಲ್ಲಿ ಹೆಚ್ಚಿಲ್ಲ. ಮಾಂಡೋವಿ, ಝುವಾರಿ ಮತ್ತು ಇತರ ನದಿಗಳ ಅಳಿವೆಯ ದಂಡೆಗಳಲ್ಲಿ ಸುಮಾರು 18,000 ಹೆಕ್ಟೇರ್ ಖಾಜನ್ ಭೂಮಿ ಇದೆ. ಉಬ್ಬರದ ನೀರಿನ ಮಟ್ಟಕ್ಕಿಂತ ಕೆಳಗಿರುವ ಈ ನೆಲವನ್ನು ಮಣ್ಣು, ಹುಲ್ಲು, ಮುರಕಲ್ಲುಗಳ ಬಾಂದ್ ಕಟ್ಟಿ ನದಿಯಿಂದ ಉಳಿಸಿಕೊಂಡಿದ್ದಾರೆ. ಬಾಂದಿನ ಹೊರಮೈಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಅಲೆಯ ಹೊಡೆತ ತಡೆಯುತ್ತವೆ. ಕ್ರಿ.ಶ. ಸುಮಾರು 6ನೇ ಶತಮಾನದ, ಕೊಂಕಣ ಮೌರ್ಯ ಅರಸ ಅನಿರ್ಜಿತವರ್ಮನ ಬಾಂದೋಡೆ ತಾಮ್ರಪಟದಲ್ಲಿಯೇ ಖಜ್ಜನ ಎಂಬ ಮಾತು ಬರುತ್ತದೆ ಎಂದರೆ ಈ ಪದ್ಧತಿ ಎಷ್ಟು ಹಳೆಯದು ಎಂದು ಊಹಿಸಬಹುದು. ಅಘನಾಶಿನಿಯ ಕಡೆಯಿಂದ ಬಂದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕುಮಟಾದ ಗಜನಿ ಭೂಮಿ, ಅದರಲ್ಲಿ ಬೆಳೆಯುವ ಕಗ್ಗ ಭತ್ತ, ನೀರು ತಡೆಯುವ ಜಂತ್ರಡಿ ಬಾಗಿಲು, ಎಲ್ಲವೂ ಇಲ್ಲಿನದರ ಒಡಹುಟ್ಟುಗಳೇ. ಗೋವಾದಲ್ಲಿ ಕಗ್ಗದ ಜಾಗದಲ್ಲಿ ಕೊರ್ಗುಟ್ ಭತ್ತ, ಜಂತ್ರಡಿಯ ಜಾಗದಲ್ಲಿ ಮಾನಸ್.

ಮಾನಸ್ ಎಂದರೆ ಬಾಂದಿನ ನಡುವೆ ಕಲ್ಲಿನ ಕಟ್ಟೆಗೆ ಕೂಡಿಸಿದ ಮರದ ಬಾಗಿಲು. ಝುವಾರಿ ದಂಡೆಯ ಒಂದು ಹಳ್ಳಿಗೆ ಜನವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದಾಗ ನಾವು ಮುಕ್ಕಾಲು ಗಂಟೆ ಅದೊಂದನ್ನೇ ನೋಡುತ್ತ ನಿಂತೆವು. ಹಲಗೆಗಳು ಕಪ್ಪಾಗಿದ್ದವು, ಅಂಚಿಗೆ ಚಿಪ್ಪುಗಳು ಕಚ್ಚಿಕೊಂಡಿದ್ದವು, ಸಂದಿನಲ್ಲಿ ಜೇಡಿಮಣ್ಣು ಮತ್ತು ಹುಲ್ಲು ತುರುಕಿದ್ದರು. ನದಿಯಲ್ಲಿ ನೀರು ಏರಿದಾಗ ಅದರ ಒತ್ತಡಕ್ಕೇ ಬಾಗಿಲು ಚೌಕಟ್ಟಿಗೆ ಅದುಮಿ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ಒಳಗಿನ ನೀರು ಹೊರಕ್ಕೆ ತಳ್ಳಿ ತೆರೆದುಕೊಳ್ಳುತ್ತದೆ. ಮೋಟಾರಿಲ್ಲ, ಕರೆಂಟಿಲ್ಲ. ಮಳೆಗಾಲದಲ್ಲಿ ಇದೇ ಬಾಗಿಲು ಉಪ್ಪುನೀರನ್ನು ಹೊರಗಿಟ್ಟು ಮಳೆನೀರನ್ನು ಹರಿಯಬಿಡುತ್ತದೆ, ಜೂನ್‌ನ ಮಳೆಗೆ ಗದ್ದೆಯ ಉಪ್ಪು ತೊಳೆದುಹೋಗಿ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಬಾಗಿಲನ್ನು ಕಟ್ಟಿ ತೆರೆದಿಟ್ಟು ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ಅದರೊಂದಿಗೆ ಸೀಗಡಿಯ ಮರಿ, ಶೆವ್ಟೊ, ಕಾಳುಂದ್ರ, ಚೊಣಕ್ ಮೀನುಗಳ ಮರಿಗಳು ಬರುತ್ತವೆ. ಬಾಗಿಲಿನ ಹಿಂದೆ ಪೊಂಯ್ ಎಂಬ ಆಳವಾದ ಹೊಂಡದಲ್ಲಿ ಅವು ಬೆಳೆಯುತ್ತವೆ. ರಾತ್ರಿ ಇಳಿತದ ಹೊತ್ತಿಗೆ ಮಾನಸಿನ ಬಾಯಿಗೆ ಚೀಲದಂಥ ಬಲೆ ಕಟ್ಟಿ ಹಿಡಿಯುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಉಬ್ಬರದ ದಿನಗಳಲ್ಲಿ ಹೆಚ್ಚು ಸಿಗುತ್ತದೆ. ಫೀಡಿನ ಒಂದು ಚೀಲವೂ ಬೀಳದ ಮೀನುಗಾರಿಕೆ ಇದು. ಭತ್ತದ ಕೂಳೆ ಕೊಳೆತು ಕೊಡುವ ಸತ್ವ, ನದಿ ತರುವ ಸತ್ವ, ಅದರ ಮೇಲೆ ಬೆಳೆಯುವ ಪಾಚಿ ಮತ್ತು ಸಸ್ಯಪ್ಲವಕ, ಅದನ್ನು ತಿಂದು ಬೆಳೆಯುವ ಸಣ್ಣ ಜೀವಿಗಳು, ಅವನ್ನು ತಿನ್ನುವ ಸೀಗಡಿ. ಎರಡು ಅರ್ಥಗಳ ಪ್ರಾಥಮಿಕ ಉತ್ಪಾದನೆ ಒಂದಾಗಿ ಕಾಣುವ ಜಾಗವೆಂದು ನಾನು ಹೇಳುವುದು ಇದನ್ನೇ.

ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ದುಡಿಮೆಗೆ ಬಂದ ಮನೆಗಳವರು. ಕಡಲು ಅವರ ಹಿರಿಯರ ಅನುಭವದಲ್ಲಿ ಇಲ್ಲ. ಹೀಗಿರುವಾಗ ಖಾಜನ್ ಅವರಿಗೆ ಪರಕೀಯವಾಗಬಹುದು ಎಂದುಕೊಂಡಿದ್ದೆ. ಬಾಂದಿನ ಪಕ್ಕ ಪಾಳುಬಿದ್ದ ಒಂದು ಗದ್ದೆಯಲ್ಲಿ ನೆಲದ ಮೇಲೆ ಬಿಳಿ ಪದರ ಕಟ್ಟಿತ್ತು. ಹುನಗುಂದದ ಕಡೆಯ ಒಬ್ಬಳು ಹುಡುಗಿ ಬಗ್ಗಿ ಅದನ್ನು ಉಗುರಿನಿಂದ ಕೆರೆದು, "ಸರ, ಇದು ಸವಳ ಹತ್ತಿದ ಹೊಲಾರೀ. ನಮ್ಮ ಅಜ್ಜನ ಹೊಲಾನೂ ಕಾಲುವಿ ನೀರ್ ಬಂದಮ್ಯಾಲ ಹಿಂಗ ಆತ್ರಿ" ಎಂದಳು. ಸವಳು-ಜವಳು ಎಂಬ ಜೋಡಿ ಪದ ಘಟಪ್ರಭಾ, ಮಲಪ್ರಭಾ, ತುಂಗಭದ್ರಾ ಕಾಲುವೆಗಳ ಕೆಳಗಿನ ರೈತರ ಬಾಯಲ್ಲಿ ದಿನವೂ ಓಡಾಡುವ ಮಾತು: ಉಪ್ಪಾಗುವುದು ಸವಳು, ನೀರು ನಿಂತು ಕೆಡುವುದು ಜವಳು. ಅತಿಯಾಗಿ ನೀರು ಕೊಟ್ಟಾಗ ನೆಲದಡಿಯ ನೀರಿನ ಮಟ್ಟ ಏರಿ, ಆವಿಯಾಗುತ್ತ ಉಪ್ಪನ್ನು ಮೇಲೆ ಬಿಟ್ಟುಹೋಗುತ್ತದೆ ಎಂಬುದನ್ನು ಆ ಹುಡುಗಿಗೆ ನಾನು ಕಲಿಸಬೇಕಾಗಿರಲಿಲ್ಲ. ಇಲ್ಲಿ ಉಪ್ಪು ನದಿಯ ಕಡೆಯಿಂದ ಬರುತ್ತದೆ ಎಂಬ ವ್ಯತ್ಯಾಸವನ್ನಷ್ಟೇ ಸೇರಿಸಿದರೆ ಸಾಕಿತ್ತು. ವಲಸೆ ಬಂದ ಮಕ್ಕಳಿಗೆ ಸ್ಥಳೀಯ ಜ್ಞಾನ ಇಲ್ಲ ಎಂದು ನಾವು ಬಹಳ ಬೇಗ ತೀರ್ಮಾನಿಸುತ್ತೇವೆ. ಅವರ ಮನೆಮಾತಿನಲ್ಲಿಯೇ ಪಾಠದ ಅರ್ಧ ಇರುತ್ತದೆ, ಅದನ್ನು ಹೊರಗೆ ಬರಲು ಬಿಡಬೇಕು.

ಇನ್ನರ್ಧವನ್ನು ಅಳತೆಯ ಮೂಲಕ ಕಲಿಸಬಹುದು, ಮತ್ತು ಅದಕ್ಕೆ ಬೇಕಾದ ಸಾಮಾನು ಬಹಳ ಅಗ್ಗ. ಸ್ಟೀಲಿನ ಊಟದ ತಟ್ಟೆಯನ್ನು ನಾಲ್ಕು ಭಾಗ ಮಾಡಿ ಕಪ್ಪು-ಬಿಳಿ ಬಣ್ಣ ಬಳಿದು, ನಡುವೆ ತೂತು ಕೊರೆದು ಗುರುತು ಹಾಕಿದ ಹಗ್ಗ ಕಟ್ಟಿದರೆ ನೀರಿನ ಪಾರದರ್ಶಕತೆ ಅಳೆಯುವ ಸೆಕ್ಕಿ ತಟ್ಟೆ ಸಿದ್ಧ. ನೀರಿಗೆ ಇಳಿಬಿಟ್ಟು, ತಟ್ಟೆ ಕಣ್ಮರೆಯಾಗುವ ಆಳವನ್ನು ಬರೆದುಕೊಳ್ಳಬೇಕು. ಸೀಗಡಿ ಸಾಕುವವರು 30ರಿಂದ 45 ಸೆಂಟಿಮೀಟರ್ ನಡುವೆ ಇದ್ದರೆ ಹೊಂಡ ಚೆನ್ನಾಗಿದೆ ಎನ್ನುತ್ತಾರೆ: ಅದಕ್ಕಿಂತ ಹೆಚ್ಚು ತಿಳಿಯಾಗಿದ್ದರೆ ಪ್ಲವಕ ಕಡಿಮೆ, ತೀರ ಕಡಿಮೆ ಆಳಕ್ಕೇ ಮರೆಯಾದರೆ ಪ್ಲವಕ ಅತಿಯಾಗಿದೆ ಅಥವಾ ಕೆಸರಿದೆ.

ನನ್ನ ದೃಷ್ಟಿಯಲ್ಲಿ ಇಡೀ ಜಲಕೃಷಿಯ ಪಾಠ ನಿಲ್ಲಬೇಕಾದುದು ಎರಡು ಬಾಟಲಿಗಳ ಪ್ರಯೋಗದ ಮೇಲೆ. ಒಂದೇ ಜಾಗದ ನೀರನ್ನು ಗುಳ್ಳೆ ಬಾರದಂತೆ ಎರಡು ಗಾಜಿನ ಬಾಟಲಿಗಳಿಗೆ ತುಂಬಿ, ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದಕ್ಕೆ ಬೆಳಕು ತಾಗದಂತೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆ ಸುತ್ತಿ, ನೀರಿನಲ್ಲಿ ತೂಗುಬಿಡಬೇಕು. ಕರಗಿದ ಆಮ್ಲಜನಕವನ್ನು ಮೊದಲು ಒಮ್ಮೆ, ನಾಲ್ಕು ಗಂಟೆಗಳ ನಂತರ ಎರಡೂ ಬಾಟಲಿಗಳಲ್ಲಿ ಮತ್ತೊಮ್ಮೆ ಅಳೆಯಬೇಕು. ಮೀನು ಸಾಕುವವರು ಬಳಸುವ ಸಣ್ಣ ಪರೀಕ್ಷಾ ಕಿಟ್ ಸಾಕು. ಉದಾಹರಣೆಗೆ, ಆರಂಭದಲ್ಲಿ ಲೀಟರಿಗೆ 6 ಮಿಲಿಗ್ರಾಂ ಇದ್ದದ್ದು ಬೆಳಕಿನ ಬಾಟಲಿಯಲ್ಲಿ 8ಕ್ಕೆ ಏರಿ, ಕತ್ತಲೆಯ ಬಾಟಲಿಯಲ್ಲಿ 5ಕ್ಕೆ ಇಳಿದಿದೆ ಎಂದುಕೊಳ್ಳೋಣ. ಇಳಿದ 1 ಮಿಲಿಗ್ರಾಂ ಉಸಿರಾಟಕ್ಕೆ ಖರ್ಚಾದದ್ದು, ಏರಿದ 2 ಮಿಲಿಗ್ರಾಂ ನಿವ್ವಳ ಉತ್ಪಾದನೆಯದು, ಎರಡೂ ಸೇರಿ 3 ಮಿಲಿಗ್ರಾಂ ಒಟ್ಟು ಉತ್ಪಾದನೆಯದು. ಪಠ್ಯದಲ್ಲಿ ಒಣ ವ್ಯಾಖ್ಯೆಗಳಾಗಿ ಬರುವ ಒಟ್ಟು ಮತ್ತು ನಿವ್ವಳ ಪ್ರಾಥಮಿಕ ಉತ್ಪಾದಕತೆ ಇಲ್ಲಿ ಒಂದು ಕೂಡುವ ಲೆಕ್ಕವಾಗಿ ಮಗುವಿನ ಕೈಗೆ ಸಿಗುತ್ತದೆ. ಅದರ ಜೊತೆಗೇ ಕತ್ತಲೆಯ ಬಾಟಲಿ ಎಂದರೆ ರಾತ್ರಿಯ ಹೊಂಡ ಎಂಬುದೂ ಹೊಳೆಯುತ್ತದೆ. ಹಗಲಿಡೀ ಆಮ್ಲಜನಕ ಕೊಟ್ಟ ಪ್ಲವಕವೇ ರಾತ್ರಿಯಿಡೀ ಅದನ್ನು ಬಳಸುತ್ತದೆ. ಆದ್ದರಿಂದ ಹೊಂಡದಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ನಸುಕಿನಲ್ಲಿ. ಮೀನು ಸಾಕುವವರು ಸೂರ್ಯ ಮೂಡುವ ಮುಂಚೆ ದಂಡೆಗೆ ಹೋಗಿ, ಮೀನು ಮೇಲೆ ಬಂದು ಬಾಯಿ ತೆರೆಯುತ್ತಿವೆಯೇ ಎಂದು ನೋಡುವುದು ಇದಕ್ಕಾಗಿಯೇ.

ಈ ಒಂದು ಅಂಶ ತಿಳಿದ ಮೇಲೆ, ಹೊಂಡದಲ್ಲಿ ಒತ್ತಾಗಿ ಮರಿ ಬಿಟ್ಟು ಫೀಡು ಹಾಕಿ ಬೆಳೆಸುವ ತೀವ್ರ ಸಾಕಣೆಯ ಎಲ್ಲ ಕಷ್ಟಗಳೂ ಅರ್ಥವಾಗುತ್ತ ಹೋಗುತ್ತವೆ. ಸೀಗಡಿಯ ಫೀಡಿನಲ್ಲಿರುವ ಸಾರಜನಕದಲ್ಲಿ ಸುಮಾರು ಕಾಲುಭಾಗ ಮಾತ್ರ ಸೀಗಡಿಯ ಮೈ ಸೇರುತ್ತದೆ. ಉಳಿದದ್ದು ತಿನ್ನದೆ ಬಿಟ್ಟ ಕಾಳಾಗಿ, ಹಿಕ್ಕೆಯಾಗಿ, ಅಮೋನಿಯಾ ಆಗಿ ನೀರಿನಲ್ಲಿ ಮತ್ತು ತಳದ ಕೆಸರಿನಲ್ಲಿ ಉಳಿಯುತ್ತದೆ. ಅದನ್ನುಂಡು ಪಾಚಿ ಉಕ್ಕುತ್ತದೆ, ಒಂದು ಮೋಡದ ದಿನ ಒಟ್ಟಿಗೆ ಸಾಯುತ್ತದೆ, ಮರುದಿನ ನಸುಕಿಗೆ ಹೊಂಡದಲ್ಲಿ ಉಸಿರಾಡಲು ಏನೂ ಉಳಿದಿರುವುದಿಲ್ಲ. ಆಗ ನೀರು ಚಿಮ್ಮಿಸುವ ಯಂತ್ರ, ಅದಕ್ಕೆ ಕರೆಂಟು, ನೀರಿನ ಬದಲಾವಣೆ, ಹೊರಬಿಟ್ಟ ನೀರು ಪಕ್ಕದ ಹೊಂಡಕ್ಕೆ ಅಥವಾ ನದಿಗೆ. 1994-95ರಲ್ಲಿ ಬಿಳಿಚುಕ್ಕೆ ರೋಗ ಪೂರ್ವ ಕರಾವಳಿಯ ಹುಲಿಸೀಗಡಿ ಹೊಂಡಗಳನ್ನು ನೆಲಕಚ್ಚಿಸಿದಾಗ ಒಂದರ ನೀರು ಇನ್ನೊಂದಕ್ಕೆ ಹರಿಯುವ ಈ ಜೋಡಣೆಯೂ ರೋಗ ಹರಡಲು ದಾರಿಯಾಗಿತ್ತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಎಸ್. ಜಗನ್ನಾಥ್ ಪ್ರಕರಣದಲ್ಲಿ ಕೊಟ್ಟ ತೀರ್ಪು, ಕರಾವಳಿ ನಿಯಂತ್ರಣ ವಲಯದಲ್ಲಿ ಹೊಸ ಬಗೆಯ ಸೀಗಡಿ ಹೊಂಡಗಳನ್ನು ನಿಷೇಧಿಸಿತು, ಆದರೆ ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ಪದ್ಧತಿಗಳಿಗೆ ಅವಕಾಶ ಉಳಿಸಿತು. ಖಾಜನ್, ಗಜನಿಗಳಂಥವು ಆ ಎರಡನೆಯ ಗುಂಪಿನವು. ಆಮೇಲೆ 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂದಿತು, 2009ರಿಂದ ವನಾಮಿ ಎಂಬ ವಿದೇಶಿ ಸೀಗಡಿ ಬಂದಿತು, 2023ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು.

ಯಾವ ಮೀನನ್ನು ಸಾಕುತ್ತೇವೆ ಎಂಬುದೂ ಮುಖ್ಯ, ಮತ್ತು ಇಲ್ಲಿ ಆಹಾರ ಸರಪಳಿಯ ಶೇ. 10ರ ನಿಯಮ (ಒಂದು ಹಂತದ ಶಕ್ತಿಯಲ್ಲಿ ಸುಮಾರು ಶೇ. 10 ಮಾತ್ರ ಮುಂದಿನ ಹಂತಕ್ಕೆ ಸಿಗುತ್ತದೆ ಎಂಬುದು) ಪರೀಕ್ಷೆಯ ಎರಡು ಅಂಕಕ್ಕಿಂತ ಹೆಚ್ಚಿನ ಕೆಲಸಕ್ಕೆ ಬರುತ್ತದೆ. ಭೂತಾಯಿ, ಅಂದರೆ ಗೋವಾದವರ ತಾರ್ಲೆ, ಬಹುಮಟ್ಟಿಗೆ ಪ್ಲವಕಗಳನ್ನೇ ಸೋಸಿ ತಿನ್ನುವ ಮೀನು. ಬಡವರ ತಟ್ಟೆಗೂ ಬರುವಂಥದ್ದು. ಆ ಭೂತಾಯಿಯೇ ನಮ್ಮ ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳಿಗೆ ಲಾರಿಗಟ್ಟಲೆ ಹೋಗಿ, ಎಣ್ಣೆ ಮತ್ತು ಪುಡಿಯಾಗಿ, ಕೊನೆಗೆ ಸಾಕಿದ ಸೀಗಡಿಯ ಅಥವಾ ಚೊಣಕ್‌ನ ಹೊಟ್ಟೆ ಸೇರುತ್ತದೆ. ಮಾಂಸಾಹಾರಿ ಮೀನನ್ನು ಸಾಕಿ ಕಡಲಿನ ಹೊರೆ ಇಳಿಸಿದೆವು ಎಂದು ಹೇಳುವಾಗ ಅದರ ಊಟ ಎಲ್ಲಿಂದ ಬಂತು ಎಂದು ಕೇಳಲೇಬೇಕು. ಕಾಟ್ಲಾ, ರೋಹು ಸಾಕಣೆಗೆ ಈ ಭಾರ ಕಡಿಮೆ. ಚಿಪ್ಪುಜೀವಿಗಳಿಗೆ ಇನ್ನೂ ಕಡಿಮೆ, ಏಕೆಂದರೆ ತಿಸ್ರೆ, ಪಚ್ಚಿಲೆಗಳಿಗೆ ಯಾರೂ ಊಟ ಹಾಕುವುದಿಲ್ಲ. ಇದನ್ನು ತರಗತಿಯಲ್ಲಿಯೇ ತೋರಿಸಬಹುದು. ಹಸಿರು ಛಾಯೆಯ ಅಳಿವೆಯ ನೀರನ್ನು ಎರಡು ಗಾಜಿನ ಜಾಡಿಗಳಿಗೆ ತುಂಬಿ, ಒಂದಕ್ಕೆ ಮಾರುಕಟ್ಟೆಯಿಂದ ತಂದ ಹತ್ತು ಜೀವಂತ ತಿಸ್ರೆಗಳನ್ನು ಬಿಟ್ಟು, ಎರಡು ಪೀರಿಯಡ್ ಕಾದೆವು. ಮೊದಲ ಅರ್ಧ ಗಂಟೆ ಚಿಪ್ಪುಗಳು ಬಿಗಿಯಾಗಿ ಮುಚ್ಚಿದ್ದವು, ಮಕ್ಕಳು ಬೇಸರಗೊಂಡರು. ಆಮೇಲೆ ಒಂದೊಂದಾಗಿ ಬಾಯಿ ಬಿಟ್ಟು ಎರಡು ಸಣ್ಣ ಕೊಳವೆಗಳನ್ನು ಹೊರಚಾಚಿದವು. ಊಟದ ಗಂಟೆಯ ಹೊತ್ತಿಗೆ ಆ ಜಾಡಿಯ ಹಿಂದೆ ಹಿಡಿದ ಪುಸ್ತಕದ ಅಕ್ಷರ ಓದಬಹುದಾಗಿತ್ತು, ಪಕ್ಕದ ಜಾಡಿಯಲ್ಲಿ ಆಗುತ್ತಿರಲಿಲ್ಲ. ವಾಸ್ಕೋಗೆ ಅಂಟಿಕೊಂಡಿರುವ ಚಿಕಾಲಿಂ ಕೊಲ್ಲಿಯಲ್ಲಿ ಇಂಥದೇ ಒಂದು ಜೀವಿ, ಹಳೆಯ ಗೋವಾ ಮನೆಗಳ ಕಿಟಕಿಗೆ ಗಾಜಿನ ಬದಲು ಕೂಡಿಸುತ್ತಿದ್ದ ತೆಳು ಚಿಪ್ಪಿನದು, ಇಂದಿಗೂ ಇದೆ. ಅದನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗೆ ಸೇರಿಸಲಾಯಿತು. ಮಕ್ಕಳು ಬಸ್ಸಿನಲ್ಲಿ ದಿನವೂ ಅದರ ಪಕ್ಕದಲ್ಲಿಯೇ ಹೋಗುತ್ತಾರೆ.

ಖಾಜನ್ ಪದ್ಧತಿಯನ್ನು ಕಲಿಸುವಾಗ ಅದನ್ನು ದೋಷವಿಲ್ಲದ ಪುರಾತನ ಜಾಣ್ಮೆಯೆಂದು ಹೊಗಳಿ ಮುಗಿಸುವುದು ತಪ್ಪಾಗುತ್ತದೆ. ಹಿಂದೆ ಊರಿನ ನೆಲವನ್ನು ಒಟ್ಟಾಗಿ ನಡೆಸುವ ಗಾಂವಕರಿ ಅಥವಾ ಕೊಮುನಿದಾದ್ ವ್ಯವಸ್ಥೆ ಬಾಂದನ್ನು ನೋಡಿಕೊಳ್ಳುತ್ತಿತ್ತು. ಅದರಲ್ಲಿ ಊರಿನ ಮೂಲ ಕುಟುಂಬಗಳ ಗಂಡಸರಿಗೆ ಹಕ್ಕಿತ್ತು, ಬಾಂದಿಗೆ ಮಣ್ಣು ಹೊತ್ತವರಿಗೆ ಇರಲಿಲ್ಲ. 1964ರ ಗೇಣಿ ಕಾಯ್ದೆಯ ನಂತರ ಆ ಹೊಣೆ ಗೇಣಿದಾರರ ಸಂಘಗಳಿಗೆ ಬಂದಿತು. ಸಂಘಗಳು ಮಾನಸಿನ ಮೀನಿನ ಹಕ್ಕನ್ನು ಹರಾಜು ಹಾಕುತ್ತವೆ, ಹರಾಜಿನ ಹಣದಿಂದ ಬಾಂದ್ ದುರಸ್ತಿಯಾಗಬೇಕು. ಹರಾಜು ಹಿಡಿದ ಗುತ್ತಿಗೆದಾರನಿಗೆ ಉಪ್ಪುನೀರು ಹೆಚ್ಚು ದಿನ ಒಳಗಿದ್ದಷ್ಟೂ ಲಾಭ. ಭತ್ತ ಬಿತ್ತುವವನಿಗೆ ಅದು ನಷ್ಟ. ಭತ್ತದ ಬೇಸಾಯದಲ್ಲಿ ದುಡ್ಡು ಕಾಣದೆ ರೈತ ಗದ್ದೆ ಬಿಟ್ಟಾಗ, ಬಾಗಿಲನ್ನು ಮುಚ್ಚಿ ಎಂದು ಕೇಳುವವರೇ ಇಲ್ಲವಾಗುತ್ತಾರೆ, ಬಾಂದ್ ಒಡೆಯುತ್ತದೆ, ಗದ್ದೆ ಕಾಂಡ್ಲಾ ಕಾಡಾಗುತ್ತದೆ. ಹಳೆ ಗೋವಾದ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಉಪ್ಪು ತಾಳುವ ಗೋವಾ ಧಾನ್ ತಳಿಗಳನ್ನು ಕೊಟ್ಟಿದೆ. ತಳಿ ಒಳ್ಳೆಯದೇ, ಆದರೆ ಬಾಗಿಲನ್ನು ಯಾವ ದಿನ ಮುಚ್ಚಬೇಕೆಂಬ ಜಗಳವನ್ನು ತಳಿ ಬಗೆಹರಿಸುವುದಿಲ್ಲ. ಸುಸ್ಥಿರ ಎಂಬ ಪದವನ್ನು ನಾವು ಪಾಠಗಳಲ್ಲಿ ಬಹಳ ಸುಲಭವಾಗಿ ಬಳಸುತ್ತೇವೆ. ಅದರ ಅರ್ಥವನ್ನು ಈ ಹರಾಜಿನ ಕರಾರಿನ ಮೇಲೆ ಇಟ್ಟು ನೋಡಿದರೆ, ಯಾರ ಸಲುವಾಗಿ ಸುಸ್ಥಿರ ಎಂಬ ಪ್ರಶ್ನೆಯನ್ನು ಎಂಟನೇ ತರಗತಿಯ ಮಗುವೂ ಕೇಳುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರೆಗೆ ಹತ್ತು ದಿನ ಚೀಲವಿಲ್ಲದೆ ಶಾಲೆಗೆ ಬಂದು ಕಸುಬು ಕಲಿಯುವ ಅವಕಾಶ ಕೊಟ್ಟಿದೆ. 2023ರ ಪಠ್ಯಕ್ರಮ ಚೌಕಟ್ಟು ವೃತ್ತಿ ಶಿಕ್ಷಣದ ಮೂರು ವಿಧಗಳಲ್ಲಿ ಜೀವರೂಪಗಳೊಂದಿಗಿನ ಕೆಲಸವನ್ನು ಒಂದಾಗಿ ಇಟ್ಟಿದೆ. ಅವಕಾಶ ದೊಡ್ಡದು. ನನ್ನ ಆತಂಕ ಅದನ್ನು ತುಂಬುವ ರೀತಿಯ ಬಗ್ಗೆ. ವೃತ್ತಿ ಎಂದಕೂಡಲೇ ನಾವು ಮರಿಗಳ ಸಂಖ್ಯೆ, ಫೀಡಿನ ಚೀಲಗಳು, ತಿಂಗಳುಗಳು, ಕೊನೆಗೆ ಲಾಭ ಎಂಬ ಕೋಷ್ಟಕದಿಂದ ಶುರುಮಾಡುತ್ತೇವೆ, ನೀರು ಬರೀ ಪಾತ್ರೆಯಾಗಿಬಿಡುತ್ತದೆ. ಮೊದಲ ದಿನ ಮಾನಸಿನ ಮುಂದೆ ಕಳೆಯಲಿ, ಎರಡನೆಯ ದಿನ ಬಾಟಲಿಗಳೊಂದಿಗೆ, ಕೋಷ್ಟಕ ಐದನೆಯ ದಿನಕ್ಕೆ ಬರಲಿ. ಅಷ್ಟು ಹೊತ್ತಿಗೆ ಲಾಭದ ಅಂಕಣದ ಪಕ್ಕ ಹೊರಬಿಟ್ಟ ನೀರಿನ ಅಂಕಣ ಬೇಕೆಂದು ಮಕ್ಕಳೇ ಕೇಳುತ್ತಾರೆ. ದಿನಗಳನ್ನು ಶಾಲೆಯ ವೇಳಾಪಟ್ಟಿಯಿಂದಲ್ಲ, ಪಂಚಾಂಗ ನೋಡಿ ಗೊತ್ತುಮಾಡಬೇಕಾಗುತ್ತದೆ, ಏಕೆಂದರೆ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ನೀರಿನ ಬಳಿ ಇಪ್ಪತ್ತು ಮಕ್ಕಳಿಗೆ ಇಬ್ಬರು ದೊಡ್ಡವರಾದರೂ ಇರಬೇಕು, ಊರಿನವರೊಬ್ಬರು ಜೊತೆಗಿರಬೇಕು. ಇದರಲ್ಲಿ ರಿಯಾಯಿತಿ ಸಲ್ಲದು.

ಪಾಲಕರಿಂದ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ನ್ಯಾಯವಾದವು. ನಾವು ಮೀನು ತಿನ್ನುವವರಲ್ಲ, ನಮ್ಮ ಮಗಳು ಅದನ್ನು ಮುಟ್ಟಬಾರದು ಎಂದು ಒಂದು ಮನೆಯವರು ಹೇಳಿದರು. ಅವಳಿಗೆ ಬಾಟಲಿ ಮತ್ತು ತಟ್ಟೆಯ ಅಳತೆ ಒಪ್ಪಿಸಿದೆ, ಮೀನು ಮುಟ್ಟುವ ಪ್ರಸಂಗವೇ ಬರಲಿಲ್ಲ. ಈ ಪಾಠದ ತಿರುಳು ಪಾಚಿಯಲ್ಲಿರುವುದರಿಂದ ಸಸ್ಯಾಹಾರದ ಮನೆಯ ಮಗುವಿಗೆ ಇದರಲ್ಲಿ ಏನೂ ಕಡಿಮೆಯಾಗುವುದಿಲ್ಲ. ಎರಡನೆಯದು ಇನ್ನೂ ಕಠಿಣ: ನಮಗೆ ಇಲ್ಲಿ ಒಂದು ಗುಂಟೆ ನೆಲವಿಲ್ಲ, ಬಾಡಿಗೆ ಖೋಲಿಯಲ್ಲಿ ಇರುವವರು, ಹೊಂಡದ ವಿದ್ಯೆ ನಮ್ಮ ಮಕ್ಕಳಿಗೆ ಏಕೆ? ಇದಕ್ಕೆ ನಾನು ಕೊಡುವ ಉತ್ತರ ಪೂರ್ತಿ ಸಮಾಧಾನ ತರುವುದಿಲ್ಲ ಎಂದು ಬಲ್ಲೆ. ಆದರೂ, ಜೆಟ್ಟಿಯಲ್ಲಿ ಬುಟ್ಟಿ ಹೊರುವವರು, ಸಂಸ್ಕರಣಾ ಘಟಕದಲ್ಲಿ ಸೀಗಡಿ ಸುಲಿಯುವವರು, ಒಡೆದ ಬಾಂದಿಗೆ ಕೂಲಿಯಾಗಿ ಮಣ್ಣು ಹಾಕುವವರು ಈಗ ಹೆಚ್ಚಾಗಿ ನಮ್ಮ ಕಡೆಯವರೇ. ಕೆಲಸದ ಭಾರ ಹೊತ್ತವರಿಗೆ ಅದರ ವಿಜ್ಞಾನ ದಕ್ಕಬಾರದು ಎಂಬುದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ.

ಜನವರಿಯಲ್ಲಿ ಅದೇ ಮಾನಸಿನ ಹಿಂದಿನ ಪೊಂಯ್‌ನಲ್ಲಿ ತಟ್ಟೆ 62 ಸೆಂಟಿಮೀಟರಿಗೆ ಕಣ್ಮರೆಯಾಯಿತು. ಜುಲೈನಲ್ಲಿ ಮಳೆಯ ಕೆಸರು ನೀರಿನಲ್ಲಿ, ಗದ್ದೆಯಲ್ಲಿ ಭತ್ತ ನಿಂತಿರುವಾಗ, ಅದೇ ಕಲ್ಲಿನ ಮೇಲೆ ನಿಂತು ಮತ್ತೆ ಅಳೆಯುವುದಿದೆ. ಎಷ್ಟಕ್ಕೆ ಮರೆಯಾಗಬಹುದು, ಬೆಳಕಿನ ಬಾಟಲಿಯಲ್ಲಿ ಆಮ್ಲಜನಕ ಜನವರಿಯಷ್ಟು ಏರುತ್ತದೆಯೋ ಇಲ್ಲವೋ ಎಂದು ಪ್ರತಿಯೊಬ್ಬರೂ ಊಹಿಸಿ, ಕಾರಣ ಸಮೇತ ಬರೆದು, ಸಹಿ ಹಾಕಿದ ಹಾಳೆಗಳು ನನ್ನ ಕಪಾಟಿನಲ್ಲಿವೆ. ಹುನಗುಂದದ ಹುಡುಗಿ 15 ಎಂದು ಬರೆದು, ಕೆಳಗೆ ಒಂದು ಸಾಲು ಸೇರಿಸಿದ್ದಾಳೆ: ನೀರು ಕೆಂಪಾದರೆ ಪಾಚಿಗೆ ಬಿಸಿಲು ಸಿಗುವುದಿಲ್ಲ, ಆಗ ಸೀಗಡಿ ಏನು ತಿನ್ನುತ್ತದೆ?